ಸತುವಿನ ಮೂರು ತೊಟ್ಟಿ: ಸೈನೈಡ್, ಕ್ಲೋರೈಡ್, ಕಾಸ್ಟಿಕ್

ಅಡಕೆ ತೋಟದವರಿಗೆ ಪ್ಲೇಟಿಂಗ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸುವಾಗ ಹೊಳೆಯುವ ಚಾಕು ಅದ್ದಿ ನೋಡುತ್ತಾರಲ್ಲ, ಅಲಗಿನ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಅಂತ. ಆ ಕೆಂಪು, ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಬಂದು ಕೂತದ್ದು. ನಾವು ಮಾಡೋದೂ ಅದೇ ಜಾತಿಯ ಕೆಲಸ. ತಾಮ್ರದ ಜಾಗದಲ್ಲಿ ಸತು, ಜೊತೆಗೆ ಕರೆಂಟು. ಮಲೆನಾಡಿನ ಮಳೆಗೆ ಬರಿ ಕಬ್ಬಿಣ ವಾರದೊಳಗೆ ತುಕ್ಕು ಹಿಡಿಯುತ್ತೆ, ಹಾಗಾಗಿ ನಮ್ಮ ಶೆಡ್ಡಿಗೆ ಕೆಲಸದ ಬರ ಇಲ್ಲ.

ಶಿವಮೊಗ್ಗದ ಈ ಶೆಡ್ಡಿನಲ್ಲಿ ಸತುವಿಗೆ ಮೂರು ಥರದ ಬಾತ್, ಅಂದರೆ ಮಾಲು ಮುಳುಗಿಸಿ ಸತು ಕೂರಿಸೋ ದ್ರಾವಣ, ನಡೆಸಿದ್ದೇನೆ. ಮೊದಲು ಸೈನೈಡ್, ಆಮೇಲೆ ಆಸಿಡ್ ಕ್ಲೋರೈಡ್, ಈಗ ಅದರ ಜೊತೆಗೆ ಸೈನೈಡ್ ಇಲ್ಲದ ಕಾಸ್ಟಿಕ್ ಬಾತ್. ಕೆಮಿಕಲ್ ಮಾರುವವರ ಮಾತು ಕೇಳಿದರೆ ಮೂರೂ ಒಂದಕ್ಕಿಂತ ಒಂದು ಮೇಲು. ತೊಟ್ಟಿಯ ಪಕ್ಕ ನಿಂತವನಿಗೆ ಕಾಣೋದು ಬೇರೆ.

ಸೈನೈಡ್ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಅಷ್ಟು ಸಾಧು ಬಾತ್ ಇನ್ನೊಂದಿಲ್ಲ. ಎಣ್ಣೆ ಪೂರ್ತಿ ಹೋಗದ ಮಾಲು ಹಾಕಿ, ಹೊಳಪು ಕೊಡೋ ಬ್ರೈಟ್ನರ್ ಒಂದಿಷ್ಟು ಹೆಚ್ಚುಕಮ್ಮಿ ಮಾಡಿ, ಸತು ಕೂರುತ್ತೆ. ಸೈನೈಡೇ ಅರ್ಧ ಕೊಳೆ ತೊಳೆದುಕೊಂಡುಬಿಡುತ್ತೆ. ಮೂಲೆ ಮುಡುಕಿಗೂ ಸತು ಹೋಗುತ್ತೆ. ಭದ್ರಾವತಿಯಿಂದ ಬರುತ್ತಿದ್ದ ನಮ್ಮ ಮೇಸ್ತ್ರಿ ಆಮ್ಲ, ಕ್ಷಾರ ಅಳೆಯೋ ಪಿಎಚ್ ಪೇಪರ್ ಮುಟ್ಟಿದವರಲ್ಲ, ಬಾತಿನ ಬಣ್ಣ ನೋಡಿಯೇ ನಡೆಸುತ್ತಿದ್ದರು.

ಆದರೆ ಅಪಾಯ ಹುಟ್ಟೋದೂ ಈ ಸಾಧುತನದಿಂದಲೇ. ಸರಿಯಾಗಿ ತೊಳೆಯದಿದ್ದರೂ ನಡೆಯುತ್ತೆ ಅಂದಮೇಲೆ ಹುಡುಗರು ತೊಳೆಯೋದು ಬಿಡುತ್ತಾರೆ. ಪ್ಲೇಟಿಂಗ್ ಸಾಲಿನಲ್ಲಿ ಸೈನೈಡ್ ತೊಟ್ಟಿಗೆ ಮುಂಚೆ ಬರೋದು ಯಾವುದು? ತುಕ್ಕು ತೆಗೆಯೋ ಹೈಡ್ರೋಕ್ಲೋರಿಕ್ ಆಸಿಡ್. ನಡುವೆ ಇರೋದು ಒಂದೋ ಎರಡೋ ನೀರಿನ ತೊಟ್ಟಿ. ಆಸಿಡ್ ಉಳಿದ ಮಾಲು ಸೈನೈಡಿಗೆ ಇಳಿದರೆ ಹೈಡ್ರೋಜನ್ ಸೈನೈಡ್ ಗಾಳಿ ಏಳುತ್ತೆ. ಅದು ಕುದಿಯೋದೇ 26 ಡಿಗ್ರಿಗೆ, ಅಂದರೆ ನಮ್ಮೂರ ಬೇಸಿಗೆಯಲ್ಲಿ ಹುಟ್ಟುತ್ತಲೇ ಗಾಳಿ. ಹಳೆ ಪದ್ಧತಿಯ ಬಾತಿನಲ್ಲಿ ಲೀಟರಿಗೆ 80ರಿಂದ 100 ಗ್ರಾಂ ಸೋಡಿಯಂ ಸೈನೈಡ್ ಇರುತ್ತೆ. 200–300 ಮಿಲಿಗ್ರಾಂ ಹೊಟ್ಟೆಗೆ ಹೋದರೆ ದೊಡ್ಡ ಮನುಷ್ಯನ ಜೀವಕ್ಕೇ ಕುತ್ತು. ಲೆಕ್ಕ ಹಾಕಿ ನೋಡಿ, ಒಂದು ಟೀ ಚಮಚದಷ್ಟೂ ಬೇಕಾಗಿಲ್ಲ. ಇಂಥ ತೊಟ್ಟಿಯ ಪಕ್ಕದಲ್ಲಿ ನಾವು ವರ್ಷಗಟ್ಟಲೆ ಟೀ ಕುಡಿದಿದ್ದೇವೆ. ನೆನೆಸಿಕೊಂಡರೆ ಈಗ ಮೈ ಜುಂ ಅನ್ನುತ್ತೆ.

ಮಳೆಗಾಲದ ಕಥೆಯೇ ಬೇರೆ. ಸೈನೈಡ್ ಡ್ರಮ್ಮಿನ ಮುಚ್ಚಳ ಸಡಿಲ ಬಿಟ್ಟರೆ ಅದು ಗಾಳಿಯ ತೇವ ಕುಡಿದು ಹಿಟ್ಟಿನಂತೆ ಅಂಟಾಗುತ್ತೆ. ತೇವದ ಜೊತೆ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಸೇರಿದರೆ ಅಷ್ಟು ಸಪ್ಪೆ ಆಮ್ಲವೇ ಸಾಕು, ಸಣ್ಣಗೆ ಅದೇ ವಿಷಗಾಳಿ ಬಿಡುತ್ತಾ ಇರುತ್ತೆ. ಇದೇ ಕಾರಣಕ್ಕೆ ಸೈನೈಡ್ ಇಟ್ಟ ಕಡೆ ಬೆಂಕಿ ಬಿದ್ದರೆ ಕಾರ್ಬನ್ ಡೈ ಆಕ್ಸೈಡಿನ ಸಿಲಿಂಡರ್ ಹೊಡೆಯಬಾರದು.

ಒಂದು ಆಷಾಢದಲ್ಲಿ ನಮ್ಮಲ್ಲೇ ಆಗಬಾರದ್ದು ಆಗುವುದರಲ್ಲಿತ್ತು. ಜಡಿಮಳೆ, ಚಳಿ ಅಂತ ಕಿಟಕಿ ಎಲ್ಲ ಮುಚ್ಚಿದ್ದೆವು. ಆಸಿಡ್ ತೊಟ್ಟಿಯ ಕೆಳಗಿನ ವಾಲ್ವ್ ಸೋರಿ ನೆಲಕ್ಕೆ ಹರಿದಿದೆ. ಸೈನೈಡ್ ಕಡೆಯ ತೊಳೆದ ನೀರೂ ಅದೇ ಕಾಲುವೆಗೆ ಬೀಳುತ್ತಿತ್ತು. ಶೆಡ್ ಬಾಡಿಗೆಗೆ ಹಿಡಿದಾಗ ಇದ್ದದ್ದೇ ಒಂದು ಕಾಲುವೆ, ನಾನೂ ಯೋಚನೆ ಮಾಡಿರಲಿಲ್ಲ. ಸಣ್ಣ ಮಾಲು ತುಂಬಿ ತಿರುಗಿಸೋ ಬ್ಯಾರೆಲ್ ಎತ್ತುತ್ತಿದ್ದ ಹುಡುಗ ಹಣೆ ಹಿಡಿದುಕೊಂಡು, "ಅಣ್ಣ, ತಲೆ ಯಾಕೋ ತಿರುಗ್ತಾ ಇದೆ, ಗಂಟಲು ಕಟ್ಟಿದಂಗೆ ಆಗ್ತಿದೆ" ಅಂದ. ಮೇಸ್ತ್ರಿ ಒಂದೇ ಮಾತು ಕೂಗಿದರು, "ಎಲ್ಲ ಬಿಟ್ಟು ಹೊರಗೆ ಬನ್ರೋ!" ಮಳೆಯಲ್ಲೇ ನಿಂತೆವು. ಹುಡುಗನಿಗೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಯಿತು, ಆದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೈನೈಡ್ ಅಂತ ಬಾಯಿಬಿಟ್ಟು ಹೇಳಿದೆ. ಹಾಗೆ ಹೇಳದೆ ಇದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಕಹಿ ಬಾದಾಮಿ ವಾಸನೆ ಬಂದರೆ ಓಡಬೇಕು ಅಂತ ಮೇಸ್ತ್ರಿ ಯಾವಾಗಲೂ ಹೇಳುತ್ತಿದ್ದರು. ಅವತ್ತು ವಾಸನೆ ಬಂದದ್ದು ಅವರೊಬ್ಬರಿಗೇ. ಆ ವಾಸನೆ ಹಿಡಿಯೋ ಮೂಗು ಹುಟ್ಟಿನಿಂದಲೇ ಕೆಲವರಿಗೆ ಇರೋದಿಲ್ಲ, ನಾನು ಆ ಗುಂಪಿನವನು.

ಈಗ ಸೈನೈಡ್ ನಡೆಸುವವರಿಗೆ ಮೂರು ಮಾತು. ಆಸಿಡ್ ಸಾಲಿಗೂ ಸೈನೈಡ್ ಸಾಲಿಗೂ ಕಾಲುವೆ, ಗುಂಡಿ, ದಾಸ್ತಾನು ಕೋಣೆ ಎಲ್ಲ ಬೇರೆ ಬೇರೆ ಇರಲಿ. ಬಿದ್ದವನನ್ನು ಎಳೆಯಲು ಉಸಿರಾಟದ ಸೆಟ್ ಇಲ್ಲದೆ ಒಳಗೆ ನುಗ್ಗಬೇಡಿ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲೂಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಸೈನೈಡಿನ ಪ್ರತಿವಿಷ ಇದೆಯೇ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಆ ಆಷಾಢದ ನಂತರ ಆಸಿಡ್ ಕ್ಲೋರೈಡಿಗೆ ಹೋದೆ. ಸತುವಿನ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಬೋರಿಕ್ ಆಸಿಡ್, ಪಿಎಚ್ ಐದರ ಆಸುಪಾಸು. ಹೆದರಿಕೆಯ ಜೊತೆಗೆ ವ್ಯಾಪಾರದ ಕಾರಣವೂ ಒಂದಿತ್ತು. ಶಿವಮೊಗ್ಗ ಫೌಂಡ್ರಿಗಳ ಊರು, ನಮಗೆ ಬರೋ ಮಾಲಿನಲ್ಲಿ ಬೀಡು, ಅಂದರೆ ಎರಕದ ಕಬ್ಬಿಣ, ಜಾಸ್ತಿ. ಬೀಡಿನ ಮೈಯಲ್ಲಿ ಗ್ರಾಫೈಟ್ ಇರುತ್ತೆ. ಸೈನೈಡ್ ಬಾತಿನಲ್ಲಿ ಅದರ ಮೇಲೆ ಕರೆಂಟೆಲ್ಲ ಹೈಡ್ರೋಜನ್ ಗುಳ್ಳೆ ಮಾಡುವುದರಲ್ಲೇ ಖರ್ಚಾಗಿ, ಸತು ಕೂರೋದೇ ಇಲ್ಲ. ಗಂಟೆಗಟ್ಟಲೆ ಬ್ಯಾರೆಲ್ ತಿರುಗಿಸಿದರೂ ಕಪ್ಪು ಮಚ್ಚೆ. ಕ್ಲೋರೈಡಿನಲ್ಲಿ ಅದೇ ಮಾಲು ನಿಮಿಷಗಳಲ್ಲಿ ಬೆಳ್ಳಗಾಯಿತು. ಹಾಕಿದ ಕರೆಂಟಿನಲ್ಲಿ 95 ಪರ್ಸೆಂಟಿಗೂ ಹೆಚ್ಚು ಸತುವಿಗೇ ಹೋಗುತ್ತೆ. ಗುಳ್ಳೆ ಕಡಿಮೆ, ಆದ್ದರಿಂದ ತೊಟ್ಟಿಯಿಂದ ಏಳೋ ಹನಿಮಂಜೂ ಕಡಿಮೆ. ಹೊಳಪು ಅಂತೂ ಸ್ಟೀಲ್ ಲೋಟದ ಹಾಗೆ.

ಆದರೆ ಇದು ಕೊಳೆ ಸಹಿಸೋದಿಲ್ಲ. ಬೆರಳಿನ ಗುರುತು ಉಳಿದರೂ ಆ ಜಾಗದ ಸತು ಸಿಪ್ಪೆಯಂತೆ ಏಳುತ್ತೆ. ಮೊದಲ ತಿಂಗಳು ವಾಪಸ್ ಬಂದ ಮಾಲು ನೋಡಿ ಮೇಸ್ತ್ರಿ, "ಹಳೇದೇ ಚೆನ್ನಾಗಿತ್ತು ಸಾರ್" ಅಂತ ದಿನಾ ಗೊಣಗಿದರು. ಎರಡನೇ ತಿಂಗಳಿಗೆ ಹುಡುಗರು ತೊಳೆಯೋದು ಕಲಿತರು. ತೊಳೆಯದಿದ್ದರೆ ಮಾಲೇ ಬೈಯುತ್ತೆ, ನಾನು ಬೈಯಬೇಕಾಗಿಲ್ಲ. ಇನ್ನೊಂದು ಕೊರತೆ, ಸತು ಅಂಚಿಗೆ ಓಡುತ್ತೆ, ಒಳಮೂಲೆಗೆ ಹೋಗೋದಿಲ್ಲ. ಮಡಚಿದ ಬ್ರ್ಯಾಕೆಟ್ ಒಂದನ್ನು ಅಳೆಸಿದಾಗ ಅಂಚಿನಲ್ಲಿ ಸತುವಿನ ದಪ್ಪ 14 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಒಳಗೆ 4. ವೆಲ್ಡಿಂಗ್ ಸಂದಿಯಲ್ಲಿ ದ್ರಾವಣ ಸಿಕ್ಕಿಕೊಂಡರೆ ವಾರ ಬಿಟ್ಟು ಬಿಳಿ ಉಪ್ಪಾಗಿ ಹೊರಗೆ ಬರುತ್ತೆ.

ಬದಲಾಯಿಸುವಾಗಿನ ತಿಂಗಳುಗಳೇ ಎಲ್ಲಕ್ಕಿಂತ ಅಪಾಯದವು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕ್ಲೋರೈಡ್ ಬಾತ್ ತಾನೇ ಆಮ್ಲ. ಸೈನೈಡಿನಲ್ಲಿ ನೆಂದ ಹಳೆ ಬ್ಯಾರೆಲ್, ಮಾಲು ನೇತುಹಾಕೋ ಜಿಗ್, ಸತುವಿನ ಗಟ್ಟಿಗೆ ತೊಡಿಸೋ ಆನೋಡ್ ಚೀಲ, ಫಿಲ್ಟರ್, ಯಾವುದನ್ನು ಹಾಗೇ ತಂದು ಅದರಲ್ಲಿ ಮುಳುಗಿಸಿದರೂ ಮತ್ತೆ ಅದೇ ಗಾಳಿ. ಚೀಲ, ಫಿಲ್ಟರ್ ಹೊಸದು ತಂದೆ. ಉಳಿದದ್ದನ್ನು ಸೋಡಿಯಂ ಹೈಪೋಕ್ಲೋರೈಟಿನಲ್ಲಿ ನೆನೆಹಾಕಿ ತೊಳೆಸಿದೆ. ಇಲ್ಲೂ ಒಂದು ಗಂಟಿದೆ. ಹೈಪೋಕ್ಲೋರೈಟ್ ಸೈನೈಡನ್ನು ಕೊಲ್ಲಬೇಕಾದರೆ ಪಿಎಚ್ ಹತ್ತರ ಮೇಲೇ ಇರಬೇಕು. ಇಳಿದರೆ ಸೈನೋಜೆನ್ ಕ್ಲೋರೈಡ್ ಅನ್ನೋ ಇನ್ನೊಂದು ವಿಷಗಾಳಿ. ಮೊದಲ ಹಂತ ಮುಗಿದಮೇಲೆ ಪಿಎಚ್ ಎಂಟೂವರೆಗೆ ಇಳಿಸಿ ಎರಡನೇ ಹಂತ. ಒಂದು ಕೆಜಿ ಸೈನೈಡಿನ ಮೊದಲ ಹಂತಕ್ಕೇ ಹತ್ತಿರ ಹತ್ತಿರ 2.7 ಕೆಜಿ ಕ್ಲೋರಿನ್ ಬೇಕು. ಹಾಗಾಗಿ ತೊಳೆದ ತೆಳು ನೀರಿಗೆ ಮಾತ್ರ ಈ ದಾರಿ ಹಿಡಿದೆ. ಗಟ್ಟಿ ಬಾತನ್ನು ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯದವರಿಗೆ ದುಡ್ಡು ಕೊಟ್ಟು ಸಾಗಹಾಕಿದೆ. ದುಡ್ಡು ಜಾಸ್ತಿ ಅಂತ ಮನೆಯಲ್ಲಿ ಮಾತು ಬಂತು. ಹೊರಗೆ ಬಿಡೋ ನೀರಿನಲ್ಲಿ ಸೈನೈಡಿನ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ಶೃಂಗೇರಿಗೆ ಹೋದಾಗ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರೋ ನಾವು, ಅದೇ ಹೊಳೆಯ ಕೆಳಗೆ ಕೂತು ಅದಕ್ಕೆ ಇದನ್ನು ಬಿಡೋದೇ?

ಮೂರನೆಯದು ಕಾಸ್ಟಿಕ್ ಬಾತ್. ಸತು ಲೀಟರಿಗೆ 10 ಗ್ರಾಂ ಆಸುಪಾಸು, ಕಾಸ್ಟಿಕ್ ಸೋಡಾ 120. ಅದೇ ಬ್ರ್ಯಾಕೆಟ್ ಇದರಲ್ಲಿ ಅಂಚಿಗೆ 10, ಒಳಗೆ 7 ಮೈಕ್ರಾನ್ ತೋರಿಸಿತು. ಮಡಚಿದ ಪೈಪು, ಕ್ಲಾಂಪಿಗೆ ಇದೇ ಸರಿ. ನಿಧಾನ ಮಾತ್ರ ವಿಪರೀತ, ಬೀಡಿಗೆ ಕೆಲಸಕ್ಕೆ ಬಾರದು. ಗುಳ್ಳೆ ಜಾಸ್ತಿ, ಗುಳ್ಳೆ ಒಡೆದಾಗ ಏಳೋ ಕಾಸ್ಟಿಕ್ ಮಂಜು ಗಂಟಲು ಕೆರೆಯುತ್ತೆ, ಹೀರುವ ಫ್ಯಾನ್ ಇಲ್ಲದೆ ನಡೆಸಬೇಡಿ. ಕಾಸ್ಟಿಕ್ ಮೈಗೆ ಬಿದ್ದ ತಕ್ಷಣ ಆಸಿಡಿನ ಹಾಗೆ ಉರಿಯೋದಿಲ್ಲ, ಸೋಪಿನ ಹಾಗೆ ಜಾರುತ್ತೆ. ಹುಡುಗರು ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನಾಗುತ್ತಾರೆ, ಅಷ್ಟರಲ್ಲಿ ಚರ್ಮದ ಒಳಗೆ ಇಳಿದಿರುತ್ತೆ. ಕಣ್ಣಿಗೆ ಹಾರಿದರೆ ಕಡಿಮೆ ಅಂದರೂ ಹದಿನೈದು ನಿಮಿಷ ನಲ್ಲಿಯ ಕೆಳಗೆ ಕಣ್ಣು ಬಿಡಿಸಿ ಹಿಡಿಯಬೇಕು, ಆಮೇಲೆ ಡಾಕ್ಟರು. ಇನ್ನು ಬಾತ್ ಕಟ್ಟುವಾಗ ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೇ ಸಿಡಿಯುತ್ತೆ.

ಸತುವಿನ ಮೇಲೆ ಕೊನೆಗೆ ಕೊಡೋ ರಕ್ಷಣೆಯ ಪದರ, ಅಂದರೆ ಪ್ಯಾಸಿವೇಷನ್ನಿನಲ್ಲೂ ಹಳೆ ಹಳದಿ ಕ್ರೋಮೇಟ್ ಬಿಟ್ಟು ಟ್ರೈವೇಲೆಂಟ್ ಕ್ರೋಮಿಯಂನ ನೀಲಿಗೆ ಬಂದಿದ್ದೇವೆ. ಹಳದಿಯದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋದು, ವರ್ಷಗಟ್ಟಲೆ ಉಸಿರಾಡಿದವರಿಗೆ ಮೂಗಿನ ಒಳಗೋಡೆ ತೂತಾಗೋದೂ ಉಂಟು. ಅದನ್ನೇ ಬರೆಯಲು ಕೂತರೆ ಇನ್ನೊಂದು ಬರಹ ಆಗುತ್ತೆ.

ಬೀಡು, ನಟ್ಟು, ಬೋಲ್ಟು ಈಗ ಕ್ಲೋರೈಡಿಗೆ. ಪೈಪು, ಬ್ರ್ಯಾಕೆಟ್ಟು ಕಾಸ್ಟಿಕ್‌ಗೆ. ಚಿಕ್ಕದಾಗಿ ಒಂದೇ ತೊಟ್ಟಿ ಹಾಕಿ ಶುರು ಮಾಡೋರು ಕೇಳಿದರೆ ಕ್ಲೋರೈಡ್ ಅನ್ನುತ್ತೇನೆ, ಅದೂ ನಮ್ಮೂರ ಮಾಲಿಗೆ. ಅದರ ಮೇಲೆ ನನಗಿರೋ ಸಿಟ್ಟು ಒಂದೇ: ಆ ಉಪ್ಪುಗಾಳಿಗೆ ಶೆಡ್ಡಿನ ತಗಡು, ಕೊಕ್ಕೆ, ತೊಟ್ಟಿಗೆ ಕರೆಂಟು ಕೊಡೋ ರೆಕ್ಟಿಫೈಯರ್ ಡಬ್ಬ ಎಲ್ಲ ತುಕ್ಕು. ತುಕ್ಕು ತಡೆಯೋ ಅಂಗಡಿಯ ಮಾಡೇ ತುಕ್ಕು ಹಿಡಿದು ಸೋರುತ್ತಿದೆ. ಮುಂದಿನ ಮಳೆಗೆ ಮುಂಚೆ ಫೈಬರ್ ಶೀಟ್ ಹೊದಿಸಬೇಕು, ರೇಟ್ ಕೇಳಿಕೊಂಡು ಬಂದಿದ್ದೇನೆ.