ಹೊಸ ಪೆಟೂನಿಯಕ್ಕೆ ಮೂರು ದಾರಿ: ಉಳಿಸಿದ ಬೀಜ, ಕಟಿಂಗ್, ಕೈಯಾರೆ ಕ್ರಾಸ್

ನನಗೆ ಬೇಕಾಗಿದ್ದ ಪೆಟೂನಿಯ ಎಲ್ಲೂ ಸಿಗಲಿಲ್ಲ. ಹೂ ತೀರಾ ದೊಡ್ಡದಿರಬಾರದು, ಮಳೆಹನಿ ಬಿದ್ದರೆ ಹರಿಯಬಾರದು. ಬಣ್ಣ ತಿಳಿಯಾಗಿರಬೇಕು, ಅದರ ಮೇಲೆ ನೇರಳೆ ಗೆರೆಗಳು ಎದ್ದು ಕಾಣಬೇಕು. ಸಂಜೆಯಾದರೆ ಘಮ್ಮೆನ್ನಬೇಕು. ಗೆರೆ ಇರುವ ಗಿಡ ಸಿಕ್ಕರೆ ವಾಸನೆ ಇಲ್ಲ. ವಾಸನೆ ಇದ್ದದ್ದು ಬರೀ ಬಿಳಿ, ಅದೂ ಉದ್ದಕ್ಕೆ ಬೆಳೆದು ವಾಲುವ ಗಿಡ. ಹಾಗಾದರೆ ನಾನೇ ಮಾಡಿ ನೋಡೋಣ ಎಂದು ಹೊರಟೆ. ನಾಲ್ಕು ವರ್ಷದಲ್ಲಿ ಮೂರು ದಾರಿ ಹಿಡಿದೆ.

ಮೂರನ್ನೂ ನೋಡುವಾಗ ಕೇಳಿಕೊಂಡದ್ದು ಇಷ್ಟೇ. ಎಷ್ಟು ಸಮಯ ಹಿಡಿಯುತ್ತದೆ? ಎಷ್ಟು ಕುಂಡ ಬೇಕು? ಸಿಕ್ಕಿದ ಹೂ ಮುಂದಿನ ಸಲವೂ ಹಾಗೇ ಬರುತ್ತದಾ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಒಂದು ಚೆಂದದ ಗಿಡ ಸಿಗುವುದು ಬೇರೆ, ಅದು ತಳಿಯಾಗಿ ನಿಲ್ಲುವುದು ಬೇರೆ.

ಮೊದಲು ಹಿಡಿದದ್ದು ಸುಲಭದ ದಾರಿ. ಪ್ಯಾಕೆಟ್ ಮೇಲೆ ಎಫ್1 (ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ) ಎಂದಿದ್ದ ದೊಡ್ಡ ಹೂವಿನ ಹೈಬ್ರಿಡ್ ಬೆಳೆಸಿದೆ. ಅದರದ್ದೇ ಪರಾಗವನ್ನು ಅದಕ್ಕೇ ಮುಟ್ಟಿಸಿ ಬೀಜ ತೆಗೆದೆ. ತೋಟದ ಪೆಟೂನಿಯಗಳಲ್ಲಿ ಬಹಳಷ್ಟು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುತ್ತವೆ. ಕಾಯಿ ಕಚ್ಚಿತೋ ಇಲ್ಲವೋ ಎಂದು ತಿಳಿಯುವುದೂ ಸುಲಭ. ಕಚ್ಚಿದ ಹೂ ಒಂದೆರಡು ದಿನಕ್ಕೇ ಬಾಡುತ್ತದೆ, ಪರಾಗ ಸಿಗದ ಹೂ ಇನ್ನೂ ಕೆಲವು ದಿನ ಅರಳಿಕೊಂಡೇ ಇರುತ್ತದೆ. ಒಂದೊಂದು ಕಾಯಿಯಲ್ಲೂ ನೂರಕ್ಕೂ ಜಾಸ್ತಿ ಬೀಜ. ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಸುಮಾರು 10,000 ಬರುತ್ತವೆ. ಮಣ್ಣು ಮುಚ್ಚದೆ ಮೇಲೇ ಉದುರಿಸಬೇಕು, ಮೊಳೆಯಲು ಬೆಳಕು ಸಿಗಬೇಕು.

ಬಂದ ಸಸಿಗಳಲ್ಲಿ ಒಂದು ಇನ್ನೊಂದರ ಹಾಗಿರಲಿಲ್ಲ. ತಿಳಿ ಗುಲಾಬಿ, ಕಡು ನೇರಳೆ, ಮಾಸಲು ಬಿಳಿ, ಎತ್ತರದವು, ಗಿಡ್ಡದವು. ಖುಷಿಯೇನೋ ಆಯಿತು. ಆದರೆ ಹೂವಿನ ಅಳತೆಯಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಸುಮಾರು ಮೂರರಲ್ಲಿ ಒಂದು ಗಿಡ ಸಣ್ಣ ಹೂ ಬಿಟ್ಟಿತ್ತು. ಅದರ ಮುಂದಿನ ಪೀಳಿಗೆಗೆ ದೊಡ್ಡ ಹೂವಿನವನ್ನೇ ಆರಿಸಿದೆ, ಆಗಲೂ ಸಣ್ಣವು ಬಂದವು. ಕಾರಣ ಆಮೇಲೆ ತಿಳಿಯಿತು. ದೊಡ್ಡ ಹೂವಿನ ಗುಣ ಒಂದೇ ಪ್ರಬಲ ಜೀನಿನಿಂದ ಬರುತ್ತದೆ. ಅದರ ಒಂದು ಪ್ರತಿ ಇದ್ದರೆ ಸಾಕು, ಹೂ ದೊಡ್ಡದಾಗುತ್ತದೆ. ಎರಡು ಪ್ರತಿ ಬಂದ ಸಸಿಗಳು ಬಡಕಲಾಗಿ ಬಹುತೇಕ ಸಾಯುತ್ತವೆ. ಅಂದರೆ ಚೆನ್ನಾಗಿ ಬದುಕಿ ಹೂ ಬಿಟ್ಟದ್ದರಲ್ಲಿ ಸಾಮಾನ್ಯವಾಗಿ ಒಂದೇ ಪ್ರತಿ ಇರುತ್ತದೆ. ಹಾಗಾಗಿ ಎಷ್ಟು ಆರಿಸಿದರೂ ಸಣ್ಣ ಹೂವಿನವು ಬರುತ್ತಲೇ ಇರುತ್ತವೆ. ದೊಡ್ಡ ಹೂವಿನ ತಳಿಯನ್ನು ಬೀಜದಿಂದ ಗಟ್ಟಿ ಮಾಡಲು ಹೊರಟವರು ಇದನ್ನು ಮೊದಲೇ ತಿಳಿದಿರಬೇಕು. ನನಗೆ ಸಣ್ಣ ಹೂವೇ ಬೇಕಾಗಿತ್ತಲ್ಲ, ಒಂದು ವರ್ಷ ಸುಮ್ನೆ ಕಳೆದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಒಂದು ಹೈಬ್ರಿಡ್‌ನೊಳಗೆ ಇರುವಷ್ಟೇ ಗುಣಗಳು ಹೊರಗೆ ಬರುತ್ತವೆ. ಅದರಲ್ಲಿ ವಾಸನೆಯ ಜೀನೇ ಇಲ್ಲದಿದ್ದರೆ ಮಕ್ಕಳಲ್ಲೂ ಹುಡುಕಿ ಫಲವಿಲ್ಲ. ನನ್ನ ಹೈಬ್ರಿಡ್‌ನ ಮಕ್ಕಳಲ್ಲಿ ಒಂದೂ ಘಮಿಸಲಿಲ್ಲ.

ಎರಡನೆಯದು ಕಟಿಂಗ್, ಅಂದರೆ ರೆಂಬೆಯ ತುಂಡು ನೆಟ್ಟು ಬೇರು ಬರಿಸುವುದು. ಇದು ತಾನಾಗಿಯೇ ಒದಗಿ ಬಂತು. ನೇರಳೆ ಪೆಟೂನಿಯ ಒಂದರಲ್ಲಿ ಒಂದೇ ರೆಂಬೆ ಬೇರೆ ಥರ ಹೂ ಬಿಟ್ಟಿತು, ಅಂಚಿನಲ್ಲಿ ತಿಳಿ ಪಟ್ಟಿ. ಆರು ಕಟಿಂಗ್ ತೆಗೆದೆ, ನಾಲ್ಕು ಬೇರು ಬಿಟ್ಟವು. ಎರಡರಲ್ಲಿ ಪಟ್ಟಿ ಉಳಿಯಿತು. ಉಳಿದೆರಡು ಮತ್ತೆ ಪೂರ್ತಿ ನೇರಳೆಗೆ ತಿರುಗಿದವು. ಇಂಥ ರೆಂಬೆಯಲ್ಲಿ ಬದಲಾದ ಜೀವಕೋಶ ಮತ್ತು ಹಳೆಯ ಜೀವಕೋಶ ಎರಡೂ ಬೆರೆತಿರಬಹುದು. ಯಾವುದು ಮೇಲುಗೈ ಆಗುತ್ತದೋ ಆ ಬಣ್ಣ.

ಆದರೂ ವೇಗದಲ್ಲಿ ಕಟಿಂಗ್‌ಗೆ ಸಾಟಿ ಇಲ್ಲ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ, ಹೂ ಸಾಮಾನ್ಯವಾಗಿ ತಾಯಿಯ ಹಾಗೇ ಇರುತ್ತದೆ. 1989ರಲ್ಲಿ ಜಪಾನಿನ ಸಂಟೋರಿ ಕಂಪನಿ ತಂದ ಸರ್ಫಿನಿಯ ಇದೇ ದಾರಿಯದ್ದು, ಕಟಿಂಗ್‌ನಿಂದಲೇ ಬೆಳೆಸುವ ಹರಡು ಪೆಟೂನಿಯ. ಬೀಜದಿಂದಲೂ ಹರಡುವ ಗಿಡ ಸಾಧ್ಯ ಎಂದು ತೋರಿಸಿದ್ದು 1995ರಲ್ಲಿ ಹೊಸ ತೋಟದ ತಳಿಗಳಿಗೆ ಅಮೆರಿಕದಲ್ಲಿ ಕೊಡುವ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದ ಪರ್ಪಲ್ ವೇವ್. ಎರಡು ದಾರಿಗೂ ಅದರದರ ಜಾಗ ಇದೆ.

ಕಟಿಂಗ್‌ನ ಕೆಟ್ಟ ಮುಖವನ್ನೂ ನೋಡಿದೆ. ಹೊರಗಿನಿಂದ ತಂದ ಒಂದು ಗಿಡದ ಎಲೆ ಸ್ವಲ್ಪ ಮಚ್ಚೆ ಮಚ್ಚೆಯಾಗಿತ್ತು. ನೀರು ಜಾಸ್ತಿಯಾಗಿರಬೇಕು ಅಂದುಕೊಂಡೆ. ಅದೇ ಕತ್ತರಿಯಿಂದ ಬೇರೆ ಗಿಡಗಳನ್ನೂ ಕತ್ತರಿಸಿದೆ. ಒಂದೂವರೆ ತಿಂಗಳಲ್ಲಿ ಆ ಸಾಲಿನ ಎಲೆಗಳೆಲ್ಲ ಮುರುಟಿದವು. ತಂಬಾಕಿನ ಮೊಸಾಯಿಕ್ ವೈರಸ್ ಪೆಟೂನಿಯಕ್ಕೂ ತಗಲುತ್ತದೆ, ಯಾಕೆಂದರೆ ಎರಡೂ ಒಂದೇ ಕುಟುಂಬದವು. ಕೈಯಿಂದ, ಕತ್ತರಿಯಿಂದ ದಾಟುತ್ತದೆ. ಔಷಧಿ ಇಲ್ಲ, ಕಿತ್ತು ಹಾಕಬೇಕು ಅಷ್ಟೇ. ಹನ್ನೊಂದು ಗಿಡ ಕಿತ್ತೆ. ಬಹಳ ಬೇಜಾರಾಯಿತು. ಈಗ ಪ್ರತಿ ಗಿಡಕ್ಕೂ ಮೊದಲು ಕೈ ಸೋಪಿನಿಂದ ತೊಳೆಯುತ್ತೇನೆ. ಬೀಡಿ ಸಿಗರೇಟು ಮುಟ್ಟಿದ ಕೈಯನ್ನು ಗಿಡಕ್ಕೆ ತಾಗಿಸಲು ಬಿಡುವುದಿಲ್ಲ.

ಹಕ್ಕಿನ ಮಾತೂ ಇದೆ. ಹಕ್ಕು ಪಡೆದ ತಳಿಯ ಕಟಿಂಗ್ ಬೆಳೆಸಿ ಮಾರುವ ಹಾಗಿಲ್ಲ. ಹೊಸ ಸಸ್ಯ ತಳಿಗಳ ಹಕ್ಕು ಕಾಯುವ 1991ರ ಯೂಪೊವ್ ಅಂತರರಾಷ್ಟ್ರೀಯ ಒಪ್ಪಂದ ಪಾಲಿಸುವ ಕಡೆ, ಅಂಥ ತಳಿಯಲ್ಲಿ ತಾನಾಗಿ ಬಂದ ಹೊಸ ರೆಂಬೆಯನ್ನೂ ಮೂಲ ತಳಿಯ ಮೇಲೆ ನಿಂತದ್ದು ಎಂದು ಎಣಿಸಬಹುದು. ಆಗ ಮಾರಲು ಮೂಲದವರ ಒಪ್ಪಿಗೆ ಬೇಕಾಗುತ್ತದೆ. ನನ್ನ ಪಟ್ಟಿ ಹೂವನ್ನು ನನ್ನ ತಳಿ ಎಂದು ಹೇಳಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಮೂರನೆಯದು, ಕೈಯಾರೆ ಕ್ರಾಸ್ ಮಾಡುವುದು. ಈ ಹೂವಿನ ಹುಟ್ಟೇ ಕ್ರಾಸ್‌ನಿಂದ ಅಲ್ವಾ? ದಕ್ಷಿಣ ಅಮೆರಿಕದ ಎರಡು ಕಾಡು ಗಿಡಗಳು. ಒಂದು ಬಿಳಿ, ರಾತ್ರಿ ಘಮಿಸುವ ಆಕ್ಸಿಲ್ಲಾರಿಸ್, ಅದರ ಹತ್ತಿರ ಬರುವುದು ಹಾಕ್‌ಮಾತ್ ಪತಂಗ. ಇನ್ನೊಂದು ನೇರಳೆ ಇಂಟೆಗ್ರಿಫೋಲಿಯ, ಅದಕ್ಕೆ ಹಗಲಿನ ಜೇನುನೊಣ. 1830ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇವನ್ನು ಕೂಡಿಸಿದ ಮೇಲೆ ತೋಟದ ಪೆಟೂನಿಯ ಬಂತು. ನನಗೆ ಬೇಕಾದ ವಾಸನೆ ಒಬ್ಬರದ್ದು, ನೇರಳೆ ಇನ್ನೊಬ್ಬರದ್ದು.

ತಾಯಿಯಾಗಿ ವಾಸನೆಯ ಬಿಳಿ, ತಂದೆಯಾಗಿ ಗೆರೆಯ ಗಿಡ್ಡ ಗಿಡ. ನಾಳೆ ಅರಳುವ ಮೊಗ್ಗನ್ನು ಹಿಂದಿನ ಸಂಜೆ ಹಿಡಿಯಬೇಕು. ಬಣ್ಣ ಕಾಣುತ್ತಿರಬೇಕು, ಎಸಳು ಇನ್ನೂ ಸುತ್ತಿಕೊಂಡಿರಬೇಕು. ತನ್ನದೇ ಪರಾಗ ತಾಗದಿರಲು, ಉಗುರಿನಿಂದ ಕೊಳವೆ ಸೀಳಿ ಐದೂ ಕೇಸರಗಳನ್ನು ಚಿಮುಟದಿಂದ ಕಿತ್ತುಬಿಡಿ. ಎಣಿಸಿ. ನಾಲ್ಕಾದರೆ ಒಳಗೆ ಇನ್ನೊಂದು ಉಳಿದಿದೆ. ಪರಾಗಕೋಶ ಒಡೆದು ಪುಡಿ ಉದುರಿದ್ದರೆ ಆ ಮೊಗ್ಗು ಬೇಡ. ಮಾರನೇ ದಿನ ಶಲಾಕೆಯ (ಹೂವಿನ ನಡುವಿನ ಹೆಣ್ಣು ಕಡ್ಡಿಯ) ಹಸಿರು ತುದಿ ಅಂಟಂಟಾಗಿ ಹೊಳೆಯುತ್ತದೆ, ಆಗ ತಂದೆಯ ಪರಾಗ ಸವರಬೇಕು.

ಮೊದಲ ಸಲ ಎಸಳುಗಳನ್ನು ಹಾಗೇ ಬಿಟ್ಟೆ. ಜೇನುನೊಣ ಬಂದು ಹೋಗಿರಬೇಕು, ಸಸಿಗಳಲ್ಲಿ ಎರಡು ಮೂರು ಯಾರದ್ದೋ ಮಕ್ಕಳಾಗಿದ್ದವು. ಎರಡನೇ ಸಲ ಎಸಳು ಪೂರ್ತಿ ಕಿತ್ತೆ. ಎಸಳಿಲ್ಲದ ಹೂವಿನ ಕಡೆ ಜೇನು ಸುಳಿಯಲಿಲ್ಲ. ದಾರ ಕಟ್ಟಿ ತಾಯಿ ತಂದೆಯ ಹೆಸರು, ದಿನ ಬರೆದೆ. ನಾಲ್ಕೈದು ವಾರಕ್ಕೆ ಕಾಯಿ ಕಂದಾಗಿ ತುದಿ ಬಿರಿಯುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಕೀಳಬೇಕು. ಇಮ್ಮಡಿ ಎಸಳಿನ ಗಿಡ ಬಳಸುವವರು ಅದನ್ನು ತಂದೆಯಾಗಿ ಮಾಡಿಕೊಳ್ಳಿ. ಅದರ ಹೆಣ್ಣು ಭಾಗ ಸಾಮಾನ್ಯವಾಗಿ ಸೊಟ್ಟಗಿರುತ್ತದೆ, ಪರಾಗ ಮಾತ್ರ ಚೆನ್ನಾಗಿರುತ್ತದೆ.

ಮೊದಲ ಪೀಳಿಗೆ ಎಲ್ಲಾ ನೇರಳೆ, ಒಂದೇ ಅಚ್ಚು. ಇಲ್ಲಿಗೇ ನಿಲ್ಲಿಸಿದರೆ ಕ್ರಾಸ್ ಸೋತ ಹಾಗೆ ಕಾಣುತ್ತದೆ. ಅದರ ಬೀಜ ಬಿತ್ತಿದಾಗಲೇ ಆಟ ಶುರು. ಅರವತ್ತು ಸಸಿ ಬೆಳೆಸಿದೆ. ತಿಳಿ ಬಣ್ಣದವು ಹದಿಮೂರು, ಅದರಲ್ಲಿ ಗೆರೆ ಇದ್ದದ್ದು ನಾಲ್ಕು, ಆ ನಾಲ್ಕರಲ್ಲಿ ಘಮಿಸಿದ್ದು ಒಂದೇ ಒಂದು. ಬೆಳಿಗ್ಗೆ ಮೂಸಿ ನೋಡಿ ಅದನ್ನೂ ಎಸೆಯುವುದರಲ್ಲಿದ್ದೆ! ವಾಸನೆ ಏರುವುದು ಸಂಜೆಯ ನಂತರ. ಕತ್ತಲಾದ ಮೇಲೆ ಮತ್ತೊಮ್ಮೆ ಸಾಲಿನ ಬಳಿ ನಡೆದಾಗ ಸಿಕ್ಕಿತು.

ಯಾಕೆ ಅಷ್ಟು ಕಡಿಮೆ? ಕಾಡು ಪೆಟೂನಿಯಗಳಲ್ಲಿ ಬಣ್ಣ, ವಾಸನೆ, ಶಲಾಕೆಯ ಉದ್ದ ಇವನ್ನು ನಡೆಸುವ ಕೆಲವು ಜೀನ್‌ಗಳು ಒಂದೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಅಕ್ಕಪಕ್ಕ ಕೂತಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಅಕ್ಕಪಕ್ಕ ಇದ್ದವು ಒಟ್ಟಿಗೇ ಮಕ್ಕಳಿಗೆ ಹೋಗುತ್ತವೆ, ಬೇರೆಯಾಗುವುದು ಅಪರೂಪ. ಹೊಸ ಜೋಡಣೆ ಬೇಕಾದರೆ ಸಸಿಗಳ ಸಂಖ್ಯೆ ದೊಡ್ಡದಿರಬೇಕು. ಹತ್ತು ಕುಂಡ ಇಟ್ಟಿದ್ದರೆ ನನ್ನ ಗಿಡ ನನಗೆ ಕಾಣುತ್ತಲೇ ಇರಲಿಲ್ಲ.

ನಕ್ಷತ್ರದ ಹಾಗೆ ಬಿಳಿ ಪಟ್ಟೆ ಇರುವ ಹೂ ಬೇಕೆನ್ನುವವರಿಗೆ ಒಂದು ಮಾತು. ಆ ಬಿಳಿ ಜಾಗದಲ್ಲಿ ಬಣ್ಣ ಮಾಡುವ ಜೀನ್ ಇರುತ್ತದೆ, ಆದರೆ ಅದನ್ನು ಗಿಡವೇ ಸುಮ್ಮನಾಗಿಸಿರುತ್ತದೆ. ಬಿಸಿಲು, ಚಳಿ ಬದಲಾದರೆ ಪಟ್ಟೆಯ ಅಗಲವೂ ಬದಲಾಗುತ್ತದೆ. ಒಂದು ಕಾಲದ ಹೂ ನೋಡಿ ಆರಿಸಬೇಡಿ.

ಬರೆದಿಡುವ ಅಭ್ಯಾಸ ಯಾಕೆ ಮುಖ್ಯ ಎನ್ನುವುದಕ್ಕೆ ಕಿತ್ತಳೆ ಪೆಟೂನಿಯದ ಕಥೆ ಸಾಕು. 1987ರಲ್ಲಿ ಜರ್ಮನಿಯ ವಿಜ್ಞಾನಿಗಳು ಮೆಕ್ಕೆಜೋಳದ ಒಂದು ಜೀನ್ ಸೇರಿಸಿ ಇಟ್ಟಿಗೆ ಬಣ್ಣದ ಪೆಟೂನಿಯ ಮಾಡಿದ್ದರು. 2017ರಲ್ಲಿ ಫಿನ್ಲೆಂಡಿನಲ್ಲಿ ಪರೀಕ್ಷಿಸಿದಾಗ ಅದೇ ಜೀನ್ ಮಾರಾಟದ ಗಿಡಗಳಲ್ಲಿ ಸಿಕ್ಕಿತು. ಆಮೇಲೆ ಹಲವು ದೇಶಗಳಲ್ಲಿ ಆ ಗಿಡಗಳನ್ನು ನಾಶ ಮಾಡಿಸಿದರು. ತಾಯಿ ತಂದೆ ಯಾರೆಂದು ಬರೆದಿಡದಿದ್ದರೆ ಗಿಡದೊಳಗೆ ಏನು ಸೇರಿದೆ ಎಂದು ತಿಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಕ್ರಾಸ್ ಗೆದ್ದಿತು, ಆದರೆ ಒಂಟಿಯಾಗಿ ಅಲ್ಲ. ಆ ಒಂದೇ ಘಮದ ಗಿಡ ಸತ್ತರೆ ಎಲ್ಲ ಹೋಯಿತು. ಅದಕ್ಕೆ ಸಿಕ್ಕಿದ ದಿನವೇ ಮೂರು ಕಟಿಂಗ್ ಇಟ್ಟೆ. ಕಟಿಂಗ್ ಗಿಡವನ್ನು ಉಳಿಸಿಕೊಳ್ಳಲು, ಬೀಜ ಗುಣವನ್ನು ಗಟ್ಟಿ ಮಾಡಲು. ಬಿತ್ತನೆಯಿಂದ ಹೂವಿಗೆ ಹತ್ತು ಹನ್ನೆರಡು ವಾರ, ಕಾಯಿಗೆ ಇನ್ನೊಂದು ತಿಂಗಳು, ಹಾಗಾಗಿ ವರ್ಷಕ್ಕೆ ಎರಡು ಪೀಳಿಗೆ ಆರಾಮಾಗಿ ಸಾಗುತ್ತದೆ. ಅದರದ್ದೇ ಪರಾಗ ಕೊಟ್ಟು ಎರಡು ಪೀಳಿಗೆ ದಾಟಿದ್ದೇನೆ. ಈಗ ಟ್ರೇಯಲ್ಲಿರುವ ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೊಂದು ಗೆರೆ ಹೊತ್ತಿವೆ, ಹದಿನೆಂಟು ಘಮಿಸುತ್ತವೆ. ಕಾಂಡ ಮಾತ್ರ ಇನ್ನೂ ಉದ್ದ. ಮುಂದಿನ ವಾರ ಅದರಲ್ಲಿ ಗಟ್ಟಿಮುಟ್ಟಾದ ಒಂದನ್ನು ಮತ್ತೆ ಆ ಗಿಡ್ಡ ತಂದೆಗೆ ಕ್ರಾಸ್ ಮಾಡುತ್ತೇನೆ. ಮೊಗ್ಗುಗಳಿಗೆ ಆಗಲೇ ದಾರ ಕಟ್ಟಿಟ್ಟಿದ್ದೇನೆ.