ಬ್ರಿಟನ್‌ನಲ್ಲಿ ಓದುವವರೇ, ಫೆಸ್ಟಿವಲ್ ಬಾರ್ ಕೆಲಸಕ್ಕೆ ಹೆಸರು ಕೊಡುವ ಮುಂಚೆ ಇದನ್ನು ಓದಿ

ಬೇಸಿಗೆ ಬಂತೆಂದರೆ ಇಂಗ್ಲೆಂಡಿನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಮ್ಯೂಸಿಕ್ ಫೆಸ್ಟಿವಲ್‌ಗೆ ಬಾರ್ ಸ್ಟಾಫ್ ಬೇಕು, ಶುಕ್ರವಾರದಿಂದ ಭಾನುವಾರ, ಊಟ ಫ್ರೀ, ಟೆಂಟ್ ಫ್ರೀ, ಹಾಡು ಫ್ರೀ. ಅನುಭವ ಬೇಡ, ಇಂಟರ್‌ವ್ಯೂ ಇಲ್ಲ. ಮಾಸ್ಟರ್ಸ್ ಓದುತ್ತಿರುವವರು ಇದಕ್ಕೆ ಹೆಸರು ಕೊಡಲೇಬೇಡಿ ಅಂತ ನಾನು ಹೇಳುತ್ತೇನೆ. ಕೆಲಸ ಕಷ್ಟ ಅಂತಲ್ಲ. ಆ ಮೂರು ದಿನದ ರೋಟಾ, ಅಂದರೆ ಶಿಫ್ಟ್ ಪಟ್ಟಿ, ಪೂರ್ತಿ ಮಾಡಿದರೆ ವೀಸಾ ನಿಯಮ ಮುರಿದೇ ಮುರಿಯುತ್ತದೆ, ಅದಕ್ಕೆ.

ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಮಟ್ಟದ ಕೋರ್ಸ್‌ನವರಿಗೆ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಇದು ಎಲ್ಲರಿಗೂ ಗೊತ್ತು. ಆದರೆ ಈ ಲೆಕ್ಕದ ವಾರ ಸೋಮವಾರ ಶುರುವಾಗಿ ಭಾನುವಾರ ಮುಗಿಯುತ್ತದೆ ಅನ್ನೋದನ್ನು ಎಷ್ಟೋ ಜನ ಗಮನಿಸಿರುವುದಿಲ್ಲ. ಫೆಸ್ಟಿವಲ್‌ನ ಮೂರೂ ದಿನ ಒಂದೇ ವಾರದೊಳಗೆ ಬೀಳುತ್ತವೆ. ದಿನಕ್ಕೆ 12 ಗಂಟೆ ಅಂದರೂ 36 ಆಯಿತು. ಮುಂದಿನ ವಾರ ಕಡಿಮೆ ಮಾಡಿ ಸರಿದೂಗಿಸುತ್ತೇನೆ ಅಂದರೆ ನಡೆಯುವುದಿಲ್ಲ. ಅದೇ ವಾರ ಸೂಪರ್‌ಮಾರ್ಕೆಟ್‌ನಲ್ಲಿ ಶಿಫ್ಟ್ ಮಾಡಿದ್ದರೆ ಅದೂ ಇದೇ ಲೆಕ್ಕಕ್ಕೆ.

"ಬೇಸಿಗೆ ರಜೆ ಅಲ್ವಾ?" ಅಂತ ಕೇಳುತ್ತೀರಿ. ಬಿಎಸ್‌ಸಿ, ಬಿಎ ಓದುವವರಿಗೆ ಹೌದು. ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಸಾಮಾನ್ಯವಾಗಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಕೂತು ಡಿಸರ್ಟೇಶನ್ ಬರೆಯುತ್ತೀರಲ್ಲ, ಅದೂ ಪಾಠದ ಅವಧಿಯೇ. ಫೆಸ್ಟಿವಲ್‌ಗಳು ಬರುವುದೂ ಅದೇ ತಿಂಗಳುಗಳಲ್ಲಿ.

ನನಗೆ ಇದು ಗೊತ್ತಿತ್ತು. ಹಾಗಾಗಿ 2025ರ ಬೇಸಿಗೆಯಲ್ಲಿ ಒಂದು ಏಜೆನ್ಸಿಗೆ ಹೆಸರು ಕೊಡುವಾಗಲೇ "20 ಗಂಟೆ ಮೇಲೆ ಮಾಡಲ್ಲ" ಅಂತ ಮೆಸೇಜ್ ಹಾಕಿದ್ದೆ. ಅಲ್ಲಿನ ಕೋಆರ್ಡಿನೇಟರ್ ನಮ್ಮ ಕಡೆಯವರೇ, ಮಾತೆಲ್ಲ ಕನ್ನಡದಲ್ಲೇ. "ಆಯ್ತಮ್ಮ, ಅಡ್ಜಸ್ಟ್ ಮಾಡೋಣ" ಅಂತ ಉತ್ತರ ಬಂತು. ಜೊತೆಗೆ 50 ಪೌಂಡ್ ಡೆಪಾಸಿಟ್ ಕಟ್ಟಿ ಅಂದರು. ಬಂದು ಕೆಲಸ ಮುಗಿಸಿದರೆ ವಾಪಸ್ ಅಂತೆ.

ಶುಕ್ರವಾರ ಬೆಳಗ್ಗೆ ನಮ್ಮನ್ನು ಕರೆದೊಯ್ಯುವ ಕೋಚ್ ಬಸ್ಸಿನಲ್ಲಿ ಒಂದು ಹಾಳೆ ಕೈಗೆ ಬಂತು. ಎಲ್ಲರೂ ಸುಮ್ನೆ ಸೈನ್ ಹಾಕಿ ಮುಂದಿನ ಸೀಟಿಗೆ ದಾಟಿಸುತ್ತಿದ್ದರು. ಓದಿದರೆ, ನಾವು ಯಾರೂ ಏಜೆನ್ಸಿಯ ಕೆಲಸಗಾರರಲ್ಲವಂತೆ, ಸೆಲ್ಫ್ ಎಂಪ್ಲಾಯ್ಡ್, ಅಂದರೆ ಸ್ವಂತ ಉದ್ಯೋಗದವರಂತೆ, ಆಮೇಲೆ ಇನ್‌ವಾಯ್ಸ್ ಕಳಿಸಬೇಕಂತೆ. ಸ್ಟೂಡೆಂಟ್ ವೀಸಾದಲ್ಲಿ ಸೆಲ್ಫ್ ಎಂಪ್ಲಾಯ್‌ಮೆಂಟ್ ಪೂರ್ತಿ ನಿಷೇಧ. ಒಂದು ಗಂಟೆಯದ್ದೂ ಇಲ್ಲ. ನಾನು ಸೈನ್ ಹಾಕಲಿಲ್ಲ. ಪಕ್ಕದಲ್ಲಿದ್ದ ತುಮಕೂರಿನ ಹುಡುಗ ಆಗಲೇ ಹಾಕಿಬಿಟ್ಟಿದ್ದ. "ಏನಾಗುತ್ತೆ ಅಕ್ಕಾ, ಎಲ್ಲರೂ ಹಾಕ್ತಿದಾರಲ್ಲ" ಅಂದ. ಏಜೆನ್ಸಿಯವರಿಗೆ ಬೇಕಾಗಿರುವುದೂ ಇದೇ ಧೈರ್ಯ.

ಮೈದಾನ ತಲುಪಿದ್ದು ಮಧ್ಯಾಹ್ನ 12ಕ್ಕೆ. ಬಾರ್ ತೆರೆದದ್ದು ಮೂರಕ್ಕೆ. ಆ ಮೂರು ಗಂಟೆ ಕಪ್ ಜೋಡಿಸಿ, ಕರೆದ ಕಡೆ ಓಡಿ, ಉಳಿದ ಹೊತ್ತು ಅಲ್ಲೇ ಕಾಯುತ್ತಾ ನಿಂತಿದ್ದೆವು. ಸಂಬಳ ಮಾತ್ರ ಬಾರ್ ತೆರೆದಾಗಿನಿಂದ ಅಂದರು. ಅದು ತಪ್ಪು. ಕೆಲಸದ ಜಾಗದಲ್ಲಿ ಇರಲೇಬೇಕು ಅಂತ ಹೇಳಿ ಕಾಯಿಸಿದರೆ ಆ ಹೊತ್ತಿಗೂ ಕನಿಷ್ಠ ವೇತನ ಕೊಡಬೇಕು. 2025ರ ಏಪ್ರಿಲ್‌ನಿಂದ 21 ತುಂಬಿದವರಿಗೆ ಅದು ಗಂಟೆಗೆ 12.21 ಪೌಂಡ್ ಇತ್ತು.

ಟ್ರೇನಿಂಗ್ ಅಂದರೆ ಹತ್ತು ನಿಮಿಷ. ಈ ಟ್ಯಾಪ್ ಹೀಗೆ ಎಳಿ, ಈ ಮೆಷಿನ್‌ಗೆ ಕಾರ್ಡ್ ಮುಟ್ಟಿಸು, ಅಷ್ಟೇ. ಐಡಿ ನೋಡುವುದರ ಬಗ್ಗೆ "ಚಿಕ್ಕವರ ಥರ ಕಂಡರೆ ಕೇಳಿ" ಅಂದರು. ಇಲ್ಲಿ ಹೆಚ್ಚಿನ ಬಾರ್‌ಗಳಲ್ಲಿ ಚಾಲೆಂಜ್ 25 ಅಂತ ಒಂದು ಪದ್ಧತಿ ಇದೆ. ಕುಡಿಯುವ ವಯಸ್ಸು 18 ಆದರೂ 25ಕ್ಕಿಂತ ಕಡಿಮೆ ಕಾಣುವ ಎಲ್ಲರ ಐಡಿ ನೋಡಬೇಕು. ಸಂಜೆ ಕೌಂಟರ್ ಮುಂದೆ ಜನ ಜಾತ್ರೆಯಲ್ಲಿ ಕಬ್ಬಿನ ಹಾಲಿನ ಗಾಡಿಗೆ ಮುತ್ತಿದ ಹಾಗೆ ಮುತ್ತಿರುತ್ತಾರೆ, ಮುಖಕ್ಕೆಲ್ಲ ಮಿಂಚಿನ ಪುಡಿ, ಕತ್ತಲು ಬೇರೆ. ವಯಸ್ಸು ಎಲ್ಲಿಂದ ಗೊತ್ತಾಗಬೇಕು? 18 ತುಂಬದವರಿಗೆ ಕೊಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 90 ಪೌಂಡ್ ದಂಡ ಬೀಳಬಹುದು. ಅದು ಲೋಟ ಕೊಟ್ಟವರ ಹೆಸರಿಗೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ಇನ್ನು ಬಿಯರ್ ಲೆಕ್ಕ. ಇದು ಸ್ವಲ್ಪ ಉದ್ದವಾಗುತ್ತೆ, ಆದರೆ ದುಡ್ಡು ಹೋಗುವುದು ಇಲ್ಲೇ. ಒಂದು ಪಿಂಟ್ ಅಂದರೆ 568 ಮಿಲಿ. ಬಿಯರ್ ತುಂಬಿ ಬರುವ ಪೀಪಾಯಿಗೆ ಕೆಗ್ ಅನ್ನುತ್ತಾರೆ. 50 ಲೀಟರ್ ಕೆಗ್‌ನಲ್ಲಿ ಕಾಗದದ ಮೇಲೆ 88 ಪಿಂಟ್. ಲಾರಿಯಲ್ಲಿ ಕುಲುಕಿಕೊಂಡು ಬಂದು ಬಿಸಿಲಲ್ಲಿ ನಿಂತ ಕೆಗ್ ಅಷ್ಟು ಕೊಡುವುದಿಲ್ಲ. ಟ್ಯಾಪ್ ಎಳೆದರೆ ಬರೀ ನೊರೆ. ನೊರೆ ಚೆಲ್ಲಿ, ಮತ್ತೆ ಎಳೆದು, ಮತ್ತೆ ಚೆಲ್ಲಿ ಒಂದು ಪಿಂಟ್ ಮಾಡಬೇಕು. ಚೆಲ್ಲಿದ್ದನ್ನು ಬರೆದಿಡಲು ಪುಸ್ತಕ ಕೊಡಿ ಅಂತ ಕೇಳಿದೆ. ಬೇಡ ಬಿಡಿ ಅಂದರು. ರಾತ್ರಿ ಕಪ್ ಎಣಿಸಿ, ಮೆಷಿನ್ ಲೆಕ್ಕ ಇಟ್ಟು, ಸ್ಟಾಕ್ ಕಡಿಮೆ ಇದೆ, ನಿಮ್ಮೆಲ್ಲರ ಸಂಬಳದಲ್ಲಿ ಹಂಚಿ ಹಿಡಿಯುತ್ತೇವೆ ಅಂತ ಹೊರಟರು.

ಇಲ್ಲಿನ ಕಾನೂನಿನಲ್ಲಿ ಹೀಗೆ ಹಿಡಿಯಬೇಕಾದರೆ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಇರಬೇಕು. ಅಂಗಡಿ, ಬಾರ್ ಥರದ ಕೆಲಸದಲ್ಲಿ ಕ್ಯಾಶ್ ಅಥವಾ ಸ್ಟಾಕ್ ಕೊರತೆಗೆ ಆ ಸಲದ ಸಂಬಳದ ಶೇಕಡಾ 10ಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಕೆಲಸ ಬಿಡುವಾಗಿನ ಕೊನೆಯ ಸಂಬಳಕ್ಕೆ ಈ ಮಿತಿ ಇಲ್ಲ. ಒಂದು ವಾರಾಂತ್ಯದ ಕೆಲಸಕ್ಕೆ ಮೊದಲ ಸಂಬಳವೇ ಕೊನೆಯ ಸಂಬಳ, ನೋಡಿ. ಆ ಕೋಚ್‌ನ ಹಾಳೆಯಲ್ಲಿ ಕೊರತೆ ತುಂಬಿಕೊಡುವ ಒಪ್ಪಿಗೆಯೂ ಒಂದು ಸಾಲಿನಲ್ಲಿ ಇತ್ತು.

ಶನಿವಾರ ಸಂಜೆ ಏಳಕ್ಕೆ ನನ್ನ 20 ಗಂಟೆ ಮುಗಿಯಿತು. ಹೋಗಿ ಹೇಳಿದೆ. "ಈಗ ಮೇನ್ ಆ್ಯಕ್ಟ್ ಶುರುವಾಗುತ್ತೆ, ಈಗ ಬಿಟ್ಟು ಹೋದರೆ ಹೇಗಮ್ಮ? ಪೇಪರ್ ಮೇಲೆ 20 ತೋರಿಸೋಣ, ಉಳಿದದ್ದು ಕೈಗೆ ಕೊಡ್ತೀವಿ" ಅಂದರು ಕೋಆರ್ಡಿನೇಟರ್. ಕೈಗೆ ಕೊಟ್ಟರೂ ಅದು ಕೆಲಸವೇ. ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸ್‌ಗೆ ಗೊತ್ತಾದರೆ ಹೋಗುವುದು ನನ್ನ ವೀಸಾ, ಅವರದ್ದಲ್ಲ. ಒಪ್ಪಲಿಲ್ಲ. ದನಿ ಏರಿತು. ಸೋಮವಾರ ಬೆಳಗ್ಗೆ ತನಕ ಕೋಚ್ ಇಲ್ಲ, ನೀನೇ ದಾರಿ ನೋಡಿಕೋ ಅಂದರು. ಆ ರಾತ್ರಿ ಟೆಂಟ್‌ನಲ್ಲಿದ್ದು, ಭಾನುವಾರ ಮೇನ್ ಗೇಟ್‌ವರೆಗೆ ಕೆಸರಲ್ಲಿ ನಡೆದು, ಶಟಲ್ ಬಸ್ಸಿನಲ್ಲಿ ಸ್ಟೇಷನ್ ಸೇರಿ, ನನ್ನ ದುಡ್ಡಿನಲ್ಲೇ ರೈಲು ಹತ್ತಿದೆ.

ಸಂಬಳ ಬರಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟೆ ಅಂತ ಡೆಪಾಸಿಟ್ಟೂ ಮುಟ್ಟುಗೋಲು. ನಾನು ಏಕಾಸ್‌ಗೆ (Acas) ಫೋನ್ ಮಾಡಿದೆ. ಕೆಲಸದ ಜಗಳಗಳಿಗೆ ಉಚಿತ ಸಲಹೆ ಕೊಡುವ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಸ್ವತಂತ್ರ ಸಂಸ್ಥೆ ಅದು, ನಂಬರ್ 0300 123 1100. ಅವರ ಮೂಲಕ ರಾಜಿ ಪ್ರಕ್ರಿಯೆ ಶುರು ಮಾಡಲೂ ದುಡ್ಡು ಬೇಡ. ಗಡುವು ಮಾತ್ರ ಬಿಗಿ, ನನ್ನ ಕೇಸಿನಲ್ಲಿ ಮೂರು ತಿಂಗಳಿಗೆ ಒಂದು ದಿನ ಕಡಿಮೆ. "ಅಡ್ಜಸ್ಟ್ ಮಾಡೋಣ" ಅನ್ನುವ ಆ ಮೆಸೇಜಿನ ಸ್ಕ್ರೀನ್‌ಶಾಟ್, ರೋಟಾದ ಫೋಟೋ, ಸೈನ್ ಇಲ್ಲದ ಹಾಳೆಯ ಫೋಟೋ ಮೂರನ್ನೂ ಕೊಟ್ಟೆ. ಕೊನೆಗೆ ಕಾದ ಗಂಟೆಗಳೂ ಸೇರಿ ಸಂಬಳ ಬಂತು. ಡೆಪಾಸಿಟ್ ಇನ್ನೂ ಬಂದಿಲ್ಲ. ಕೆಲಸ ಹುಡುಕಿ ಕೊಡುವುದಕ್ಕೆ ಏಜೆನ್ಸಿ ನಮ್ಮಿಂದ ಫೀಸ್ ತೆಗೆದುಕೊಳ್ಳುವಂತಿಲ್ಲ. ಡೆಪಾಸಿಟ್ ಅಂತ ಹೆಸರಿಟ್ಟರೆ ಯಾರೂ ಪ್ರಶ್ನೆ ಮಾಡಲ್ಲ ಅನ್ನೋದು ಇವರಿಗೆ ಚೆನ್ನಾಗಿ ಗೊತ್ತು.

ತುಮಕೂರಿನ ಹುಡುಗ ಮೂರೂ ದಿನ ಮಾಡಿದ. ಸಂಬಳ ಕೇಳಿದರೆ "ನಿನ್ನ ಗಂಟೆ ಎಷ್ಟಾಯ್ತು ಅಂತ ಯೂನಿವರ್ಸಿಟಿಗೆ ಹೇಳ್ಲಾ?" ಅಂತ ಹೆದರಿಸಿದರಂತೆ. ಅವನು ಏಕಾಸ್‌ಗೂ ಫೋನ್ ಮಾಡಿಲ್ಲ, ಮನೆಯಲ್ಲೂ ಹೇಳಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗೇ ಆಗಿದ್ದರೆ ಮೊದಲು ಸ್ಟೂಡೆಂಟ್ಸ್ ಯೂನಿಯನ್‌ನ ಸಲಹಾ ಕೇಂದ್ರಕ್ಕೆ ಹೋಗಿ. ಹೆಚ್ಚಿನ ಕಡೆ ಅವರು ಯೂನಿವರ್ಸಿಟಿಯಿಂದ ಬೇರೆಯಾಗಿ ಕೆಲಸ ಮಾಡುತ್ತಾರೆ. ನಿಮ್ಮ ವಿಷಯ ಗುಟ್ಟಾಗಿ ಇಡುತ್ತಾರಾ ಅಂತ ಮೊದಲೇ ಕೇಳಿಕೊಂಡು ಆಮೇಲೆ ಬಾಯಿ ಬಿಡಿ.