ಕ್ಷಣಾರ್ಧದ ತೀರ್ಮಾನ, ಜನಾಂಗೀಯ ಪೂರ್ವಗ್ರಹ: ಮೂರು ಆನ್‌ಲೈನ್ ಸಾಧನಗಳ ಹೋಲಿಕೆ

1999ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನಾಲ್ವರು ಪೊಲೀಸರು ಅಮಡು ಡಿಯಾಲೊ ಎಂಬ ನಿರಾಯುಧ ಕಪ್ಪು ಯುವಕನತ್ತ 41 ಗುಂಡು ಹಾರಿಸಿದರು. ಪರ್ಸನ್ನು ಪಿಸ್ತೂಲೆಂದು ಭಾವಿಸಿದೆವೆಂಬುದು ಅವರ ಸಮರ್ಥನೆಯಾಗಿತ್ತು. ಇಂತಹ ತಪ್ಪನ್ನು ಪ್ರಯೋಗದ ಮೂಲಕ ಅಳೆಯಲು ಇಂದು ದೊರೆಯುವ ಸಾಧನಗಳಲ್ಲಿ ಮೂರನ್ನು ನಾನು ಬಳಸಿ ನೋಡಿದೆ.

ಪ್ರಾಜೆಕ್ಟ್ ಇಂಪ್ಲಿಸಿಟ್ ತಾಣದ ಆಯುಧ ಪರೀಕ್ಷೆ ಅತ್ಯಂತ ಸುಲಭದ್ದು ಮತ್ತು ಉಚಿತವಾದದ್ದು. ಮುಖಗಳನ್ನೂ ವಸ್ತುಗಳನ್ನೂ ಎರಡು ಕೀಲಿಗಳಿಂದ ವಿಂಗಡಿಸಬೇಕು, ತಪ್ಪಿದರೆ ತಿದ್ದಬೇಕು. ಆದರೆ ಇಲ್ಲಿ ಉತ್ತರಕ್ಕೆ ಕಟ್ಟುನಿಟ್ಟಾದ ಗಡುವಿಲ್ಲ. ಮನಸ್ಸಿನಲ್ಲಿ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆಯೇ ಹೊರತು, ಅವಸರದಲ್ಲಿ ಕೈ ಏನು ಮಾಡುತ್ತದೆ ಎಂಬುದಲ್ಲ. ನನ್ನ ವಿಷಯಕ್ಕೆ ಇದು ಒದಗಲಿಲ್ಲ.

ಮನೋವಿಜ್ಞಾನದ ಪ್ರಯೋಗಗಳನ್ನು ನಡೆಸುವ ತಂತ್ರಾಂಶವಾದ ಇನ್‌ಕ್ವಿಸಿಟ್‌ನಲ್ಲಿ ಎರಡು ಪ್ರಸಿದ್ಧ ಪ್ರಯೋಗಗಳು ಸಿದ್ಧರೂಪದಲ್ಲಿವೆ. ಮನೋವಿಜ್ಞಾನಿ ಕೀತ್ ಪೇನ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಪ್ಪು ಇಲ್ಲವೇ ಬಿಳಿ ವ್ಯಕ್ತಿಯ ಮುಖವೊಂದು 200 ಮಿಲಿಸೆಕೆಂಡ್ ಕಾಣಿಸಿ, ಬಳಿಕ ಬಂದೂಕೋ ಸಲಕರಣೆಯೋ ಮಿಂಚಿ ಮರೆಯಾಗುತ್ತದೆ; ಅದು ಯಾವುದೆಂದು ಹೇಳಬೇಕು. ಮನೋವಿಜ್ಞಾನಿ ಜೋಶುವಾ ಕೊರೆಲ್ ಮತ್ತು ಸಂಗಡಿಗರ 2002ರ ಆಟದಲ್ಲಿ ಎದುರಿಗಿರುವವನಿಗೆ ಗುಂಡು ಹಾರಿಸಬೇಕೇ ಬೇಡವೇ ಎಂದು ನಿರ್ಧರಿಸಬೇಕು. ಈ ಆಟದಲ್ಲಿ ಗಡುವು 850 ಮಿಲಿಸೆಕೆಂಡ್ ಇದ್ದಾಗ ಪೂರ್ವಗ್ರಹ ಮುಖ್ಯವಾಗಿ ಉತ್ತರದ ವೇಗದಲ್ಲಿ ಕಾಣಿಸಿಕೊಂಡಿತು. 630ಕ್ಕೆ ಇಳಿಸಿದಾಗ ಅದು ತಪ್ಪುಗಳಾಗಿ ಹೊರಬಿತ್ತು, ಅಂದರೆ ನಿರಾಯುಧ ಕಪ್ಪು ವ್ಯಕ್ತಿಗಳತ್ತ ಗುಂಡು ಹಾರಿಸಿದ ಸಂಖ್ಯೆ ನಿರಾಯುಧ ಬಿಳಿಯರಿಗಿಂತ ಹೆಚ್ಚಾಯಿತು. ಹೀಗೆ ಗಡುವೊಂದನ್ನೇ ಬದಲಿಸಿ ನೋಡುವ ಅನುಕೂಲ ಇಲ್ಲಿದೆ. ಪರವಾನಗಿಗೆ ಹಣ ತೆರಬೇಕು, ಭಾಗವಹಿಸುವವರು ತಮ್ಮ ಯಂತ್ರದಲ್ಲಿ ಸಣ್ಣ ತಂತ್ರಾಂಶವೊಂದನ್ನು ಹಾಕಿಕೊಳ್ಳಬೇಕು.

ಪ್ರಯೋಗಗಳನ್ನು ನಾವೇ ಬರೆದುಕೊಳ್ಳುವ ತಂತ್ರಾಂಶವಾದ ಜೆಎಸ್‌ಸೈಕ್ ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಆದರೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಮಾತ್ರ. ಪೇನ್ ಅವರ ಪ್ರಯೋಗವನ್ನು ಇದರಲ್ಲಿ ನಾನೇ ಬರೆದೆ. ಚಿತ್ರಗಳನ್ನು ಮೊದಲೇ ತರಿಸಿಕೊಳ್ಳಲು ಮರೆತಿದ್ದರಿಂದ ಆರಂಭದ ಮುಖಗಳು ತಡವಾಗಿ ಮೂಡಿ, ಅಷ್ಟೂ ದತ್ತಾಂಶವನ್ನು ಎಸೆಯಬೇಕಾಯಿತು. ತಪ್ಪು ಪೂರ್ತಿ ನನ್ನದೇ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ 200 ಮಿಲಿಸೆಕೆಂಡ್ ಎಂದರೆ ಸರಿಯಾಗಿ 12 ಚೌಕಟ್ಟುಗಳೆಂಬ ಲೆಕ್ಕವನ್ನು ಕಲಿತದ್ದೂ ಆಗಲೇ.

ಬ್ರೌಸರಿನ ಸಮಯ ನಂಬಲರ್ಹವಲ್ಲ ಎಂಬ ಆಕ್ಷೇಪವನ್ನು ಆಗಾಗ ಕೇಳುತ್ತೇವೆ. ಇದು ಅರ್ಧ ಸತ್ಯ. ಒಬ್ಬನೇ ವ್ಯಕ್ತಿ ಎರಡೂ ಬಗೆಯ ಮುಖಗಳಿಗೆ ಒಂದೇ ಕೀಲಿಮಣೆಯಿಂದ ಉತ್ತರಿಸುವುದರಿಂದ, ಕೀಲಿಮಣೆಯ ಸರಾಸರಿ ವಿಳಂಬ ಎರಡೂ ಕಡೆ ಸೇರಿ, ವ್ಯತ್ಯಾಸವನ್ನು ಲೆಕ್ಕ ಹಾಕುವಾಗ ಕಳೆದುಹೋಗುತ್ತದೆ. ಗಡುವಿನ ವಿಷಯದಲ್ಲಿ ಹಾಗಾಗದು: ಉದಾಹರಣೆಗೆ, ಯಂತ್ರ 30 ಮಿಲಿಸೆಕೆಂಡ್ ನುಂಗಿದರೆ 500ರ ಗಡುವು ಆ ವ್ಯಕ್ತಿಯ ಪಾಲಿಗೆ 470 ಆಗುತ್ತದೆ, ಅವನ ತಪ್ಪುಗಳು ಹೆಚ್ಚಬಹುದು. ಆದುದರಿಂದ ವೇಗವನ್ನು ಅಳೆಯುವ ಅಧ್ಯಯನಕ್ಕೆ ಜೆಎಸ್‌ಸೈಕ್ ಸಾಕು. ತಪ್ಪುಗಳನ್ನು ಎಣಿಸಿ ಒಬ್ಬರನ್ನೊಬ್ಬರೊಡನೆ ಹೋಲಿಸುವುದಾದರೆ ಇನ್‌ಕ್ವಿಸಿಟ್ ಬಳಸಿ, ಎಲ್ಲರನ್ನೂ ಒಂದೇ ಮಾದರಿಯ ಕಂಪ್ಯೂಟರುಗಳ ಮುಂದೆ ಕೂರಿಸುವುದೇ ನನ್ನ ಆಯ್ಕೆ.